ಸ್ಟೆಮ್ ಗಿಡ್ಡವಾದರೆ ಸೈಕಲ್ ಕೈತಪ್ಪುತ್ತದೆಯೇ?

ಪ್ರಶ್ನೆ: ನನಗೆ 41 ವರ್ಷ, ಎತ್ತರ 168 ಸೆಂ.ಮೀ. ಆರು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ ಒಂದನ್ನು ಕೊಂಡೆ. ಫ್ರೇಮ್ 54, ಸ್ಟೆಮ್ (ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ತುಂಡು) 110 ಮಿ.ಮೀ., ಹ್ಯಾಂಡಲ್ 42 ಸೆಂ.ಮೀ. ಸ್ಟೆಮ್‌ನ ಕೆಳಗೆ ಸ್ಪೇಸರ್ (ಎತ್ತರ ಹೊಂದಿಸುವ ಬಳೆ) ಇಲ್ಲ, ಮೇಲೆ 20 ಮಿ.ಮೀ. ಇದೆ. ಭಾನುವಾರ ಬ್ರಹ್ಮಾವರದಿಂದ ಮರವಂತೆಗೆ ಹೋಗಿ ಬರುವಷ್ಟರಲ್ಲಿ ಕುತ್ತಿಗೆ ಹಿಡಿದುಕೊಳ್ಳುತ್ತದೆ, ಕಿರುಬೆರಳು ಜೋಮುಗಟ್ಟುತ್ತದೆ. ಅಂಗಡಿಯವರು 70 ಮಿ.ಮೀ. ಸ್ಟೆಮ್ ಹಾಕಿಸಿ ಎನ್ನುತ್ತಾರೆ. ಜೊತೆಗೆ ಬರುವ ಗೆಳೆಯರು, ಗಿಡ್ಡ ಸ್ಟೆಮ್ ಹಾಕಿದರೆ ಆಗುಂಬೆ ಘಾಟಿ ಇಳಿಯುವಾಗ ಸೈಕಲ್ ಕೈಗೆ ಸಿಗುವುದಿಲ್ಲ ಎಂದು ಎಚ್ಚರಿಸುತ್ತಾರೆ. ಯಾರ ಮಾತು ಕೇಳಲಿ?
— ಬ್ರಹ್ಮಾವರದ ಓದುಗರೊಬ್ಬರು

ಉತ್ತರ: ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯವಿದೆ, ಆದರೆ ಇಬ್ಬರದೂ ಅವಸರದ ತೀರ್ಮಾನ. ನಿಮ್ಮ ಸ್ಟೆಮ್ ಉದ್ದವಾಗಿದೆ ಎಂದು ನನಗೂ ಅನಿಸುತ್ತದೆ. ಆದರೆ 70 ಮಿ.ಮೀ.ಗೆ ಇಳಿಯುವ ಅಗತ್ಯ ನಿಮಗಿಲ್ಲ, ಮತ್ತು 90 ಮಿ.ಮೀ.ಗೆ ಇಳಿದರೆ ಘಾಟಿಯಲ್ಲಿ ಸೈಕಲ್ ಕೈತಪ್ಪುತ್ತದೆಂಬ ಭಯಕ್ಕೂ ಆಧಾರವಿಲ್ಲ. ಸ್ಟೆಮ್ ಮೊದಲನೆಯದಾಗಿ ಮೈಯಳತೆಗೆ ಸಂಬಂಧಿಸಿದ ಭಾಗ. ಸೈಕಲ್ ತಿರುಗುವ ರೀತಿಯ ಮೇಲೆ ಅದರ ಪ್ರಭಾವ ಇದ್ದೇ ಇದೆ, ಆದರೆ ಜನ ಆಡಿಕೊಳ್ಳುವಷ್ಟು ಇಲ್ಲ. ಅದೂ ಹೆಚ್ಚಾಗಿ ಬರುವುದು ಕಬ್ಬಿಣದ ಲೆಕ್ಕದಿಂದಲ್ಲ, ಸವಾರನ ಮೈ ಕೂರುವ ಭಂಗಿಯಿಂದ.

ಮೊದಲು ನಿಮ್ಮ ಗೆಳೆಯರ ಎಚ್ಚರಿಕೆಯನ್ನು ನೋಡೋಣ. ಸೈಕಲ್ ನೇರ ಓಡುವ ಸ್ವಭಾವದ್ದೋ, ಚುರುಕಾಗಿ ತಿರುಗುವ ಸ್ವಭಾವದ್ದೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಟ್ರೇಲ್ ಎಂಬ ಅಳತೆ. ಫೋರ್ಕಿನ ತಿರುಗುವ ಅಕ್ಷವನ್ನು ಹಾಗೆಯೇ ಕೆಳಕ್ಕೆ ನೆಲದವರೆಗೆ ಎಳೆದರೆ ಅದು ಮುಟ್ಟುವ ಜಾಗಕ್ಕೂ, ಟಯರ್ ನೆಲ ಮುಟ್ಟುವ ಜಾಗಕ್ಕೂ ನಡುವಿನ ಅಂತರವೇ ಟ್ರೇಲ್. ಹೆಡ್ ಟ್ಯೂಬಿನ (ಫೋರ್ಕ್ ತೂರಿಕೊಳ್ಳುವ ಫ್ರೇಮಿನ ಮುಂದಿನ ಕೊಳವೆಯ) ಕೋನ 73 ಡಿಗ್ರಿ, ಫೋರ್ಕಿನ ಮುಂಚಾಚು 45 ಮಿ.ಮೀ. ಇರುವ ಸಾಮಾನ್ಯ ರೋಡ್ ಬೈಕಿನಲ್ಲಿ ಅದು 57 ಮಿ.ಮೀ. ಆಸುಪಾಸಿಗೆ ಬರುತ್ತದೆ. ಹೆಡ್ ಕೋನವನ್ನು ಒಂದೇ ಒಂದು ಡಿಗ್ರಿ ಇಳಿಸಿ 72 ಮಾಡಿದರೆ ಟ್ರೇಲ್ ಸುಮಾರು 6 ಮಿ.ಮೀ. ಹೆಚ್ಚುತ್ತದೆ, ಮತ್ತು ಆ ವ್ಯತ್ಯಾಸ ಪಳಗಿದ ಸವಾರನಿಗೆ ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ. ಈ ಲೆಕ್ಕದಲ್ಲಿ ಚಕ್ರದ ಗಾತ್ರ, ಹೆಡ್ ಕೋನ, ಫೋರ್ಕಿನ ಮುಂಚಾಚು ಮೂರೇ ಇವೆ. ಸ್ಟೆಮ್ ಇಲ್ಲವೇ ಇಲ್ಲ. 70 ಹಾಕಿದರೂ 130 ಹಾಕಿದರೂ ನಿಮ್ಮ ಸೈಕಲಿನ ಟ್ರೇಲ್ ಇದ್ದಷ್ಟೇ ಇರುತ್ತದೆ.

ಹಾಗಾದರೆ ಸ್ಟೆಮ್ ಬದಲಿಸಿದಾಗ ಕೈಗೆ ಏನೋ ಬೇರೆ ಅನಿಸುವುದೇಕೆ? ಸ್ಟೆಮ್ ಉದ್ದವಾದಷ್ಟೂ ನಿಮ್ಮ ಅಂಗೈ ತಿರುಗುವ ಅಕ್ಷದಿಂದ ದೂರ ಹೋಗುತ್ತದೆ. ಒಂದೇ ಪ್ರಮಾಣದ ತಿರುವಿಗೆ ಅದು ಹೆಚ್ಚು ದೂರ ಚಲಿಸಬೇಕಾಗುತ್ತದೆ. ಇದನ್ನು ನಿಮ್ಮ ಸೈಕಲಿನ ಅಳತೆಯಲ್ಲೇ ಸ್ಥೂಲವಾಗಿ ಲೆಕ್ಕ ಹಾಕೋಣ. ಹ್ಯಾಂಡಲ್ 420 ಮಿ.ಮೀ., ಅದರ ಅರ್ಧ 210. ಹ್ಯಾಂಡಲಿನ ಮುಂಚಾಚು 80 ಮಿ.ಮೀ. ಎಂದಿಟ್ಟುಕೊಂಡರೆ, 110ರ ಸ್ಟೆಮ್‌ನೊಂದಿಗೆ ಹುಡ್ (ಬ್ರೇಕ್ ಲಿವರಿನ ಬುಡದಲ್ಲಿ ಅಂಗೈ ಇಡುವ ರಬ್ಬರ್ ಹೊದಿಕೆಯ ಭಾಗ) ಮೇಲಿನ ಕೈ ಅಕ್ಷದಿಂದ 190 ಮಿ.ಮೀ. ಮುಂದಿರುತ್ತದೆ. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜದ ಲೆಕ್ಕದಂತೆ ಅಕ್ಷದಿಂದ ಕೈಗೆ ಇರುವ ದೂರ 283 ಮಿ.ಮೀ. ಹ್ಯಾಂಡಲನ್ನು 5 ಡಿಗ್ರಿ ತಿರುಗಿಸಲು ಕೈ ಸುಮಾರು 24.7 ಮಿ.ಮೀ. ಸರಿಯಬೇಕು. ಸ್ಟೆಮ್ 90 ಮಾಡಿದರೆ ಆ ದೂರ 270, ಕೈ ಸರಿಯಬೇಕಾದದ್ದು 23.6 ಮಿ.ಮೀ. ಅಂಗಡಿಯವರು ಹೇಳಿದ 70ಕ್ಕೇ ಇಳಿದರೂ 22.5 ಮಿ.ಮೀ. ಅಂದರೆ 20 ಮಿ.ಮೀ. ಗಿಡ್ಡ ಸ್ಟೆಮ್‌ನಿಂದ ಬಂದ ವ್ಯತ್ಯಾಸ ಹೆಚ್ಚುಕಡಿಮೆ 1 ಮಿ.ಮೀ.

ಇದನ್ನು ಇನ್ನೊಂದರ ಪಕ್ಕಕ್ಕಿಟ್ಟು ನೋಡಿ. ನೀವು ದಾರಿಯಲ್ಲಿ ಸುಮ್ಮನೆ ಬೆನ್ನು ನೆಟ್ಟಗೆ ಮಾಡಲು ಹುಡ್ ಬಿಟ್ಟು ಹ್ಯಾಂಡಲಿನ ಮೇಲಿನ ಅಡ್ಡಭಾಗವನ್ನು ಹಿಡಿಯುತ್ತೀರಲ್ಲ, ಆಗ ಕೈಗಳು ನಡುವಿನಿಂದ 100 ಮಿ.ಮೀ. ಆಚೀಚೆ ಇರುತ್ತವೆ ಎಂದುಕೊಂಡರೆ ಅಕ್ಷದಿಂದ ಕೈಗೆ ದೂರ 150 ಮಿ.ಮೀ.ಗೆ ಇಳಿಯುತ್ತದೆ. ಅದೇ 5 ಡಿಗ್ರಿಗೆ ಕೈ ಸರಿಯಬೇಕಾದದ್ದು 13 ಮಿ.ಮೀ., ಅಂದರೆ ಬಹುತೇಕ ಅರ್ಧ. ಕುಂದಾಪುರ ದಾಟುವುದರೊಳಗೆ ನೀವು ಹತ್ತಾರು ಬಾರಿ ಹೀಗೆ ಕೈ ಬದಲಿಸಿರುತ್ತೀರಿ, ಒಮ್ಮೆಯೂ ಸೈಕಲ್ ಕೈತಪ್ಪಿರುವುದಿಲ್ಲ. ಇಷ್ಟು ದೊಡ್ಡ ಬದಲಾವಣೆಯನ್ನು ಅರಿವಿಲ್ಲದೆಯೇ ಸಂಭಾಳಿಸುವ ಕೈಗೆ ಒಂದು ಮಿಲಿಮೀಟರಿನ ವ್ಯತ್ಯಾಸ ಎರಡು ಮೂರು ಸವಾರಿಗಳಲ್ಲಿ ಒಗ್ಗಿಹೋಗುತ್ತದೆ. ಇದೇ ಲೆಕ್ಕದಲ್ಲಿ, 42ರ ಬದಲು 40 ಸೆಂ.ಮೀ. ಹ್ಯಾಂಡಲ್ ಹಾಕಿದರೆ ಸ್ಟೆಮ್ 11 ಮಿ.ಮೀ. ಗಿಡ್ಡವಾದಷ್ಟೇ ಪರಿಣಾಮ. ಆದರೂ ಅಗಲ ಕಡಿಮೆ ಮಾಡಿದ್ದಕ್ಕೆ ಘಾಟಿಯಲ್ಲಿ ಅಪಾಯ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ನಿಮ್ಮ ಗೆಳೆಯರ ಮಾತಿನಲ್ಲಿ ಹುರುಳಿರುವುದು ಭಾರದ ವಿಷಯದಲ್ಲಿ. ಕೈಗಳು ಹಿಂದಕ್ಕೆ ಬಂದರೆ ಎದೆ, ತಲೆ, ತೋಳು ಎಲ್ಲವೂ ಸೊಂಟದ ಮೇಲೆ ತಿರುಗಿ ಸ್ವಲ್ಪ ಹಿಂದಕ್ಕೆ, ಸ್ವಲ್ಪ ಮೇಲಕ್ಕೆ ಬರುತ್ತವೆ. ಮುಂದಿನ ಚಕ್ರದ ಮೇಲಿನ ಭಾರ ಆ ಮಟ್ಟಿಗೆ ಇಳಿಯುತ್ತದೆ. 20 ಮಿ.ಮೀ. ಬದಲಾವಣೆಗೆ ಇದು ಒಟ್ಟು ಭಾರದ ಶೇಕಡಾ 1ಕ್ಕಿಂತಲೂ ಕಡಿಮೆ, 40 ಮಿ.ಮೀ.ಗೆ ಅದರ ಎರಡರಷ್ಟು. ಸಮತಟ್ಟಾದ ಹೆದ್ದಾರಿಯಲ್ಲಿ ಇದು ಗಮನಕ್ಕೇ ಬರುವುದಿಲ್ಲ. ಕಡಿದಾದ ಏರಿನಲ್ಲಿ, ಸೀಟಿನಲ್ಲಿ ಕೂತೇ ನಿಧಾನವಾಗಿ ತುಳಿಯುವಾಗ, ಮುಂದಿನ ಚಕ್ರ ಹಗುರಾಗಿ ಆಚೀಚೆ ಅಲೆದಂತೆ ಅನಿಸಬಹುದು. ಇಳಿಜಾರಿನ ತಿರುವಿನಲ್ಲಿ, ಅದರಲ್ಲೂ ಮಳೆಗಾಲದ ಒದ್ದೆ ರಸ್ತೆಯಲ್ಲಿ, ಮುಂದಿನ ಟಯರ್ ನೆಲವನ್ನು ಒತ್ತಿ ಹಿಡಿಯಬೇಕಾದ ಹೊತ್ತಿನಲ್ಲಿ, ನೆಟ್ಟಗೆ ಕೂತ ಸವಾರನಿಗೆ ಆ ಒತ್ತು ಕಡಿಮೆ ಸಿಗುತ್ತದೆ. 70ರ ಸ್ಟೆಮ್ ಬೇಡ ಎನ್ನಲು ನನ್ನ ಒಂದು ಕಾರಣ ಇದೇ. ಇನ್ನೊಂದು, ರೋಡ್ ಬೈಕಿನ ಫ್ರೇಮುಗಳನ್ನು ರೂಪಿಸುವವರು ಸಾಮಾನ್ಯವಾಗಿ 90ರಿಂದ 120 ಮಿ.ಮೀ. ಸ್ಟೆಮ್ ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಚಕ್ರದ ಜಾಗವನ್ನು ನಿಗದಿ ಮಾಡಿರುತ್ತಾರೆ, ತೀರಾ ಚಿಕ್ಕ ಫ್ರೇಮಿಗೆ 80. ಗ್ರಾವೆಲ್ ಬೈಕುಗಳಲ್ಲಿ 70ರ ಸ್ಟೆಮ್ ಕಾಣುತ್ತದಲ್ಲ ಎಂದು ಕೇಳಬಹುದು. ಅಲ್ಲಿ ಫ್ರೇಮನ್ನೇ ಉದ್ದ ಮಾಡಿ, ಹೆಡ್ ಕೋನವನ್ನು ಇಳಿಸಿ, ಗಿಡ್ಡ ಸ್ಟೆಮ್‌ಗೆಂದೇ ಲೆಕ್ಕ ಹಾಕಿರುತ್ತಾರೆ.

ಈ ಎಲ್ಲ ಲೆಕ್ಕಕ್ಕಿಂತ ಮುಖ್ಯವಾದದ್ದು ಮೊಣಕೈ. ಸ್ಟೆಮ್ ವಿಪರೀತ ಉದ್ದವಿದ್ದಾಗ ಸವಾರ ಕೈಯನ್ನು ಪೂರಾ ಚಾಚಿ ಮೊಣಕೈಯನ್ನು ಬಿಗಿದು ಕೂರುತ್ತಾನೆ. ಆಗ ರಸ್ತೆಯ ಪ್ರತಿ ಕುಲುಕಾಟ ನೇರ ಭುಜಕ್ಕೆ, ಭುಜದ ಪ್ರತಿ ಅಲುಗಾಟ ನೇರ ಹ್ಯಾಂಡಲಿಗೆ ಹೋಗುತ್ತದೆ. ಮಂಗಳೂರಿನ ಕಾಂಕ್ರೀಟ್ ರಸ್ತೆಗಳಲ್ಲಿ ಸೈಕಲ್ ಓಡಿಸಿದವರಿಗೆ ಚಪ್ಪಡಿಗಳ ನಡುವಿನ ಗೀರಿನ ಮೇಲೆ ಹಾಯುವಾಗಿನ ಆ ಟಕ್ ಟಕ್ ಪೆಟ್ಟು ಗೊತ್ತು. ಮೊಣಕೈ ಮಡಿಚಿದವನಿಗೆ ಅದು ಕೈಯಲ್ಲೇ ಕರಗುತ್ತದೆ, ಬಿಗಿ ಹಿಡಿದವನ ಹ್ಯಾಂಡಲ್ ಪ್ರತಿ ಗೀರಿಗೂ ಅಲುಗುತ್ತದೆ. ನನ್ನ ಬಳಿಗೆ ಬಂದ ಎಷ್ಟೋ ಮಂದಿ ಉದ್ದ ಸ್ಟೆಮ್ ಇದ್ದೂ ಸೈಕಲ್ ಸ್ಥಿರವಿಲ್ಲ ಎಂದು ದೂರಿದ್ದಾರೆ, 20 ಮಿ.ಮೀ. ಗಿಡ್ಡ ಮಾಡಿದ ಮೇಲೆ, ಮೊಣಕೈ ತಾನಾಗಿ ಸಡಿಲಗೊಂಡು, ಅದೇ ಸೈಕಲ್ ಈಗ ನೆಟ್ಟಗೆ ಓಡುತ್ತದೆ ಎಂದಿದ್ದಾರೆ. ಪುಸ್ತಕದ ಲೆಕ್ಕಕ್ಕೆ ಇದು ವಿರುದ್ಧವಾಗಿ ಕಂಡರೂ ಮೈಯ ಲೆಕ್ಕಕ್ಕೆ ಸರಿಯಾಗಿಯೇ ಇದೆ.

ಇನ್ನು ನಿಮ್ಮ ನೋವಿನ ವಿಷಯ. ಕುತ್ತಿಗೆ ಹಿಡಿಯುವುದು, ಕಿರುಬೆರಳು ಜೋಮುಗಟ್ಟುವುದು ಎರಡೂ ಕೈ ಹೆಚ್ಚು ದೂರ ಅಥವಾ ಹೆಚ್ಚು ಕೆಳಗೆ ಇರುವುದರ ಗುರುತು. ಬಾಗಿದಷ್ಟೂ ಮುಂದಿನ ದಾರಿ ನೋಡಲು ಕುತ್ತಿಗೆಯನ್ನು ಹಿಂದಕ್ಕೆ ಮಡಿಸಬೇಕಾಗುತ್ತದೆ. ಕಿರುಬೆರಳು ಮತ್ತು ಉಂಗುರಬೆರಳಿನ ಅರ್ಧಕ್ಕೆ ಹೋಗುವ ಅಲ್ನಾರ್ ನರ ಅಂಗೈಯ ಹೊರ ಅಂಚಿನಲ್ಲಿ, ಮಣಿಕಟ್ಟಿನ ಹತ್ತಿರ ಹಾಯುತ್ತದೆ, ಮೈಭಾರ ಅಲ್ಲಿ ಕೂತರೆ ನರ ಒತ್ತಿಹೋಗುತ್ತದೆ. ನಾನೂ ಇದನ್ನು ಅನುಭವಿಸಿದ್ದೇನೆ. ಮೊದಲ ರೋಡ್ ಬೈಕಿನಲ್ಲಿ 120ರ ಸ್ಟೆಮ್ ಹಾಕಿಕೊಂಡು ಮಂಗಳೂರಿನಿಂದ ಕುಂದಾಪುರಕ್ಕೆ ಹೋದ ದಿನ, ಹೋಟೆಲಿನಲ್ಲಿ ನೀರಿನ ಲೋಟ ಹಿಡಿಯಲು ಎಡಗೈಯ ಎರಡು ಬೆರಳು ಬರಲಿಲ್ಲ. ಆ ಜೋಮು ಇಳಿಯಲು ಮೂರು ದಿನ ಬೇಕಾಯಿತು. ಇದನ್ನು ಸಹಿಸಿಕೊಂಡು ಓಡಿಸಬೇಡಿ. ಸೈಕಲ್ ಸರಿಪಡಿಸಿದ ಮೇಲೂ ಬೆರಳು ಮರಗಟ್ಟುವುದು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ.

ಆದರೆ ಇವೇ ಲಕ್ಷಣಗಳು ಸೀಟಿನ ತಪ್ಪಿನಿಂದಲೂ ಬರುತ್ತವೆ. ಆದ್ದರಿಂದ ಸ್ಟೆಮ್ ಬಿಚ್ಚುವ ಮೊದಲು ಸೀಟನ್ನು ನೋಡಿ. ಸೀಟಿನ ಮೇಲೆ ಗಾರೆಯವರ ರಸಮಟ್ಟವನ್ನು ಉದ್ದಕ್ಕೆ ಇಟ್ಟು ಮೂಗು ಕೆಳಕ್ಕೆ ವಾಲಿದೆಯೇ ಪರೀಕ್ಷಿಸಿ. ಎರಡು ಮೂರು ಡಿಗ್ರಿ ವಾಲಿದ್ದರೂ ಮೈ ನಿರಂತರವಾಗಿ ಮುಂದಕ್ಕೆ ಜಾರುತ್ತಿರುತ್ತದೆ, ಜಾರದಂತೆ ತಡೆಯುವ ಕೆಲಸ ಅಂಗೈಗಳ ಪಾಲಿಗೆ ಬರುತ್ತದೆ. ಸೀಟು ಅತಿ ಎತ್ತರವಿದ್ದರೂ ಹೀಗೆಯೇ. ಸೀಟಿನ ಎತ್ತರ, ಹಿಂದು ಮುಂದಿನ ಜಾಗ ಎರಡನ್ನೂ ಪೆಡಲಿಗೆ, ಅಂದರೆ ಕಾಲಿಗೆ ಹೊಂದುವಂತೆ ಇಡಬೇಕು. ಕೈಗೆ ಹ್ಯಾಂಡಲ್ ಹತ್ತಿರ ಬರಲಿ ಎಂದು ಸೀಟನ್ನು ಮುಂದಕ್ಕೆ ತಳ್ಳುವುದು ತಪ್ಪು. ಹಾಗೆ ತಳ್ಳಿದರೆ ಮೈಯ ಭಾರ ಇನ್ನಷ್ಟು ಮುಂದಕ್ಕೆ ಹೋಗಿ ಕೈ ನೋವು ಹೆಚ್ಚಾಗುವುದನ್ನೇ ನಾನು ಹೆಚ್ಚು ಕಂಡಿದ್ದೇನೆ, ಜೊತೆಗೆ ಮಂಡಿಯ ತೊಂದರೆ ಬೇರೆ ಶುರುವಾಗುತ್ತದೆ.

ಸೀಟು ಸರಿಯಿದೆ ಎಂದಾದ ಮೇಲೆ ಹುಡ್‌ಗಳನ್ನು ನೋಡಿ. ಹಳೆಯ ಸೈಕಲಿನಲ್ಲಿ ಮೊದಲ ಯಜಮಾನನ ರುಚಿಗೆ ತಕ್ಕಂತೆ ಬ್ರೇಕ್ ಲಿವರುಗಳನ್ನು ಕೆಳಕ್ಕೆ ಇಳಿಸಿರುವುದುಂಟು, ಅಥವಾ ಹ್ಯಾಂಡಲನ್ನೇ ಮುಂದಕ್ಕೆ ತಿರುಗಿಸಿರುವುದುಂಟು. ಹ್ಯಾಂಡಲಿನ ಮೇಲ್ಭಾಗದಿಂದ ಹುಡ್‌ವರೆಗೆ ಅಂಗೈ ಕೂರುವ ಜಾಗ ಹೆಚ್ಚುಕಡಿಮೆ ಸಮವಾಗಿರಬೇಕು, ಮಣಿಕಟ್ಟು ಕೆಳಕ್ಕೆ ಮುರಿದಂತಿರಬಾರದು. ಇದೊಂದನ್ನು ಸರಿಮಾಡಿಯೇ ಒಂದು ಸೆಂಟಿಮೀಟರ್ ಉಳಿಸಿದ್ದುಂಟು.

ಮೂರನೆಯದು, ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು, ಸ್ಟೆಮ್‌ನ ಮೇಲೆ ಕೂತಿರುವ ಆ 20 ಮಿ.ಮೀ. ಸ್ಪೇಸರ್. ಅದನ್ನು ಕೆಳಕ್ಕೆ ಹಾಕಿದರೆ ಖರ್ಚಿಲ್ಲದೆಯೇ ಹ್ಯಾಂಡಲ್ 19 ಮಿ.ಮೀ. ಮೇಲೆ ಬರುತ್ತದೆ. ಸ್ಟೆಮ್ ಹಿಡಿದುಕೊಳ್ಳುವ ಫೋರ್ಕಿನ ಮೇಲ್ಭಾಗ, ಅಂದರೆ ಸ್ಟೀರರ್ ಕೊಳವೆ, ಹಿಂದಕ್ಕೆ ವಾಲಿಕೊಂಡಿರುವುದರಿಂದ ಹ್ಯಾಂಡಲ್ ಸುಮಾರು 6 ಮಿ.ಮೀ. ನಿಮ್ಮ ಕಡೆಗೂ ಬರುತ್ತದೆ. ಪ್ರತಿ 10 ಮಿ.ಮೀ. ಸ್ಪೇಸರಿಗೆ 3 ಮಿ.ಮೀ. ಎಂಬ ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆಯೂ ಉಪಯೋಗಕ್ಕೆ ಬರುತ್ತದೆ. ನಿಮ್ಮ ಫೋರ್ಕಿನ ಸ್ಟೀರರ್ ಕಾರ್ಬನ್ನಿನದಾದರೆ ಸ್ಟೆಮ್‌ನ ಕೆಳಗೆ ಎಷ್ಟು ಸ್ಪೇಸರ್ ಹಾಕಬಹುದೆಂಬ ಮಿತಿಯನ್ನು ತಯಾರಕರು ಹೇಳಿರುತ್ತಾರೆ, ಅದನ್ನು ಮೀರಬೇಡಿ.

ಇಷ್ಟು ಮಾಡಿ ಎರಡು ಭಾನುವಾರ ಓಡಿಸಿ. ಅದಾದ ಮೇಲೂ ನೋವು ಉಳಿದರೆ ಸ್ಟೆಮ್ ಬದಲಿಸುವ ಹೊತ್ತು ಬಂತು. ಅಳತೆ ತಿಳಿಯಲು ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ನಿಂತಲ್ಲೇ ತುಳಿಯಲು ಸೈಕಲನ್ನು ಹಿಡಿದಿಡುವ ಟ್ರೇನರ್ ಮೇಲೆ ಸೈಕಲ್ ನಿಲ್ಲಿಸಿ ಹತ್ತು ನಿಮಿಷ ತುಳಿದು ಮೈ ಬಿಸಿಯಾಗಲು ಬಿಡಿ. ಆಮೇಲೆ ತುಳಿಯುತ್ತಲೇ ಎರಡೂ ಕೈಗಳನ್ನು ಹ್ಯಾಂಡಲಿನಿಂದ ಎತ್ತಿ, ಸೊಂಟದಿಂದ ಬಾಗಿ, ಕಣ್ಣು ಮುಚ್ಚಿ, ತೋಳುಗಳು ಭುಜದಿಂದ ಸಡಿಲವಾಗಿ ತೂಗಲಿ. ಹಾಗೆಯೇ ಕೈಗಳನ್ನು ಬಲವಂತವಿಲ್ಲದೆ ಮುಂದೆ ಚಾಚಿ, ಹ್ಯಾಂಡಲ್ ಇರಬೇಕಿತ್ತು ಅನಿಸುವ ಜಾಗದಲ್ಲಿ ನಿಲ್ಲಿಸಿ ಕಣ್ಣು ತೆರೆಯಿರಿ. ಮನೆಯವರೊಬ್ಬರು ಪಕ್ಕದಲ್ಲಿ ನಿಂತು ಫೋಟೋ ತೆಗೆದರೆ ಒಳ್ಳೆಯದು. ಬೆರಳು ಹುಡ್‌ಗಿಂತ ಎಷ್ಟು ಹಿಂದೆ ನಿಂತಿದೆ ಎಂಬುದನ್ನು ನಾಲ್ಕೈದು ಬಾರಿ ಅಳೆದು ನೋಡಿ. ಹುಡ್ ಹಿಡಿದಾಗ ಮೊಣಕೈ ಸ್ವಲ್ಪ ಮಡಿಚಿರಬೇಕು, ತೋಳಿಗೂ ಎದೆಯ ಗೆರೆಗೂ ನಡುವಿನ ಕೋನ 90 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಹುಡ್ ಹಿಡಿದು ಕೂತಾಗ ಹ್ಯಾಂಡಲ್ ಮುಂದಿನ ಚಕ್ರದ ನಡುವಿನ ಹಬ್ ಅನ್ನು ಮರೆಮಾಡಬೇಕು ಎಂಬ ಹಳೆಯ ಸೂತ್ರವನ್ನೂ ಯಾರಾದರೂ ಹೇಳಿಯಾರು. ಹೆಡ್ ಕೋನ, ಫೋರ್ಕು ಬದಲಾದರೆ ಹಬ್ಬಿನ ಜಾಗವೇ ಬದಲಾಗುವುದರಿಂದ ಅದನ್ನು ನಂಬಿ ಹಣ ಹಾಕಬೇಡಿ.

ನಿಮ್ಮ ಎತ್ತರಕ್ಕೆ, ಈ ಫ್ರೇಮಿಗೆ, 90 ಮಿ.ಮೀ. ಹೊಂದೀತೆಂದು ನನ್ನ ಅಂದಾಜು. ಆದರೂ ಮೊದಲು 100ರ ಸ್ಟೆಮ್ ಯಾರಿಂದಲಾದರೂ ಎರವಲು ಸಿಕ್ಕಿದರೆ ಅದನ್ನೂ ಹಾಕಿ ನೋಡಿ. ಒಂದು ಸೂಕ್ಷ್ಮವಿದೆ: ನಿಮ್ಮದು 6 ಡಿಗ್ರಿ ಕೆಳಕ್ಕಿರುವ ಮಾಮೂಲಿ ಸ್ಟೆಮ್ ಆಗಿದ್ದರೆ, 73 ಡಿಗ್ರಿ ಹೆಡ್ ಕೋನದಲ್ಲಿ ಅದು ನೆಲಕ್ಕೆ ಹೋಲಿಸಿದರೆ 11 ಡಿಗ್ರಿ ಮೇಲಕ್ಕೇ ಏರುತ್ತಿರುತ್ತದೆ. ಹೀಗಾಗಿ 110 ತೆಗೆದು 90 ಹಾಕಿದಾಗ ಹ್ಯಾಂಡಲ್ 20 ಮಿ.ಮೀ. ಹತ್ತಿರ ಬರುವುದರ ಜೊತೆಗೆ ಸುಮಾರು 4 ಮಿ.ಮೀ. ಕೆಳಕ್ಕೂ ಇಳಿಯುತ್ತದೆ. ಸ್ಪೇಸರಿನಿಂದ ಗಳಿಸಿದ 19ರಲ್ಲಿ 15 ಉಳಿಯುತ್ತದೆ, ಒಟ್ಟು ಹತ್ತಿರ ಬಂದದ್ದು 26 ಮಿ.ಮೀ. ಎತ್ತರ ಇನ್ನೂ ಬೇಕೆನಿಸಿದರೆ ಸ್ಟೆಮ್ ಅನ್ನು ಮಗುಚಿ ಹಾಕಬಹುದು. 90ರ ಸ್ಟೆಮ್ ಮಗುಚಿದರೆ ಹ್ಯಾಂಡಲ್ 18 ಮಿ.ಮೀ. ಮೇಲೇರುತ್ತದೆ. ನೋಡಲು ಚೆನ್ನಾಗಿರುವುದಿಲ್ಲ ಎಂದು ಹಿಂಜರಿಯುವವರಿದ್ದಾರೆ, ನೀವು ಹಿಂಜರಿಯಬೇಕಿಲ್ಲ. 80ರಲ್ಲೂ ಕೈ ದೂರವೆನಿಸಿದರೆ ಮಾತ್ರ ಫ್ರೇಮೇ ನಿಮಗೆ ದೊಡ್ಡದಾಯಿತೆಂದು ತಿಳಿದು, ಇನ್ನಷ್ಟು ಗಿಡ್ಡ ಸ್ಟೆಮ್‌ಗೆ ಖರ್ಚು ಮಾಡುವ ಬದಲು 52ರ ಫ್ರೇಮ್ ಹುಡುಕಿ.

ಕೊಳ್ಳುವಾಗ ಎರಡು ವ್ಯಾಸಗಳನ್ನು ಹೊಂದಿಸಿ: ಸ್ಟೀರರ್ ಕಡೆ ಸಾಮಾನ್ಯವಾಗಿ 28.6 ಮಿ.ಮೀ., ಹ್ಯಾಂಡಲ್ ಕಡೆ 31.8. ಹಳೆಯ ಸೈಕಲ್ಲಾದರೆ ಹ್ಯಾಂಡಲ್ 26.0 ಇರಬಹುದು, ಒಂದಕ್ಕೆ ಇನ್ನೊಂದನ್ನು ಒತ್ತಿ ಕೂರಿಸುವ ಪ್ರಯತ್ನ ಬೇಡ.

ಬಿಚ್ಚುವ ಕೆಲಸದಲ್ಲಿ ಕರಾವಳಿಯವರು ವಿಶೇಷವಾಗಿ ಎಚ್ಚರ ವಹಿಸಬೇಕು. ಉಪ್ಪುಗಾಳಿಗಿಂತ ಹೆಚ್ಚಾಗಿ ಸವಾರನ ಬೆವರು ನೇರ ಸ್ಟೆಮ್‌ನ ಬೋಲ್ಟುಗಳ ಮೇಲೆ ತೊಟ್ಟಿಕ್ಕುತ್ತದೆ. ಉಕ್ಕಿನ ಬೋಲ್ಟು ಅಲ್ಯುಮಿನಿಯಂ ಎಳೆಯೊಳಗೆ ಕೂತಲ್ಲಿ ಬಿಳಿ ಪುಡಿ ಕಟ್ಟಿ ಎರಡೂ ಒಂದೇ ಆದಂತೆ ಹಿಡಿದುಬಿಡುತ್ತವೆ. ಕಳೆದ ಮಳೆಗಾಲದ ನಂತರ ನನ್ನ ಮೇಜಿಗೆ ಬಂದ ಒಂದು ಸೈಕಲಿನ ಮುಂದಿನ ಮುಚ್ಚಳದ ನಾಲ್ಕು ಬೋಲ್ಟುಗಳಲ್ಲಿ ಮೂರು ಬಿಚ್ಚಿದವು, ನಾಲ್ಕನೆಯದರ ತಲೆಯ ಒಳಗಿನ ಆರು ಮೂಲೆಗಳೂ ಸವೆದು ಗುಂಡಾಗಿದ್ದವು. ಕೊರೆದು ತೆಗೆದು, ಹ್ಯಾಂಡಲಿನ ಟೇಪು ಬಿಚ್ಚಿ ನೋಡಿದರೆ, ಸ್ಟೆಮ್ ಹಿಡಿಯುವ ಜಾಗದ ಅಂಚಿನಲ್ಲಿ ಅಲ್ಯುಮಿನಿಯಂ ಉಗುರಿಗೆ ಸಿಗುವಷ್ಟು ತಿಂದುಹೋಗಿತ್ತು. ಆ ಹ್ಯಾಂಡಲ್ ಅನ್ನು ಮತ್ತೆ ಹಾಕಲು ನಾನು ಒಪ್ಪಲಿಲ್ಲ. ನಿಮ್ಮದೂ ಬೇರೊಬ್ಬರು ಬೆವರು ಸುರಿಸಿದ ಸೈಕಲ್. ಅಲೆನ್ ಕೀ ತೂರಿಸುವ ಮೊದಲು ಬೋಲ್ಟಿನ ತಲೆಯೊಳಗಿನ ಕೊಳೆಯನ್ನು ಸೂಜಿಯಿಂದ ಕೆರೆದು ತೆಗೆಯಿರಿ, ಬಿಚ್ಚಿದ ಮೇಲೆ ಹ್ಯಾಂಡಲಿನ ಆ ಜಾಗವನ್ನು ಬೆಳಕಿನಲ್ಲಿ ಪರೀಕ್ಷಿಸಿ, ತಿರುಗಿ ಹಾಕುವಾಗ ಎಳೆಗೆ ಗ್ರೀಸ್ ಹಚ್ಚಿ.

ಕೂಡಿಸುವಾಗಿನ ಕ್ರಮವೂ ಮುಖ್ಯ. ಸ್ಟೀರರಿನ ತುದಿ ಸ್ಟೆಮ್‌ನ ಅಥವಾ ಮೇಲಿನ ಸ್ಪೇಸರಿನ ಅಂಚಿಗಿಂತ 3 ಮಿ.ಮೀ.ಯಷ್ಟು ಕೆಳಗಿರಬೇಕು. ಮೊದಲು ಮೇಲಿನ ಮುಚ್ಚಳದ ಬೋಲ್ಟನ್ನು, ಫೋರ್ಕ್ ತಿರುಗಲು ಇರುವ ಬೇರಿಂಗ್ ಆದ ಹೆಡ್‌ಸೆಟ್ ಅಲುಗದಷ್ಟು ಮಾತ್ರ ಬಿಗಿ ಮಾಡಿ. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲುಗಿಸಿ, ಹೆಡ್‌ಸೆಟ್ಟಿನ ಸಂದಿಯ ಮೇಲೆ ಬೆರಳಿಟ್ಟರೆ ಆಟ ಇದೆಯೇ ಎಂದು ಗೊತ್ತಾಗುತ್ತದೆ. ಆಮೇಲೆ ಚಕ್ರಕ್ಕೆ ನೇರವಾಗಿ ಸ್ಟೆಮ್ ತಿರುಗಿಸಿ ಪಕ್ಕದ ಬೋಲ್ಟುಗಳನ್ನು ಬಿಗಿ ಮಾಡಿ. ಬಹಳಷ್ಟು ಸ್ಟೆಮ್‌ಗಳಿಗೆ 5 ನ್ಯೂಟನ್ ಮೀಟರ್ ಸಾಕು, ನಿಮ್ಮ ಸ್ಟೆಮ್ ಮೇಲೆ ಮುದ್ರಿಸಿರುವ ಸಂಖ್ಯೆಯೇ ಅಂತಿಮ. ಮುಂದಿನ ಮುಚ್ಚಳದ ನಾಲ್ಕು ಬೋಲ್ಟುಗಳನ್ನು ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತ, ಮೇಲಿನ ಮತ್ತು ಕೆಳಗಿನ ಸಂದಿ ಸಮನಾಗಿರುವಂತೆ ನೋಡಿಕೊಳ್ಳಿ. ಟಾರ್ಕ್ ರೆಂಚ್ ಇಲ್ಲದಿದ್ದರೆ ಇರುವವರ ಹತ್ತಿರ ಮಾಡಿಸಿ. ಕಾರ್ಬನ್ ಭಾಗಗಳಿದ್ದರೆ ಕೈ ಅಂದಾಜನ್ನು ನಂಬಲೇಬೇಡಿ.

ಆಗುಂಬೆಗೆ ಮೊದಲ ದಿನವೇ ಹೋಗಬೇಡಿ. ಹೊಸ ಸ್ಟೆಮ್ ಹಾಕಿದ ವಾರ ಉಡುಪಿಯಿಂದ ಮಣಿಪಾಲದ ಏರನ್ನು ಹತ್ತಿ ಇಳಿದು ನೋಡಿ. 40 ಕಿ.ಮೀ. ಆಗುವಾಗ ಒಮ್ಮೆ ನಿಲ್ಲಿಸಿ ಬೋಲ್ಟುಗಳ ಬಿಗಿಯನ್ನು ಮತ್ತೆ ಪರೀಕ್ಷಿಸಿ. ನಂತರ ಹೆಬ್ರಿ, ಸೋಮೇಶ್ವರ ದಾಟಿ ಘಾಟಿ ಹತ್ತಿ, ಅಲ್ಲಿಂದ ಇಳಿಯುವಾಗ ಆ 14 ಹೇರ್‌ಪಿನ್ ತಿರುವುಗಳಲ್ಲಿ ಹುಡ್ ಬಿಟ್ಟು ಹ್ಯಾಂಡಲಿನ ಕೆಳಗಿನ ಬಾಗಿದ ಭಾಗವಾದ ಡ್ರಾಪ್ ಹಿಡಿಯಿರಿ. ಎದೆ ತಗ್ಗುತ್ತದೆ, ಮೊಣಕೈ ಮಡಿಯುತ್ತದೆ, ಸ್ಟೆಮ್ ಗಿಡ್ಡ ಮಾಡಿದ್ದರಿಂದ ಮುಂದಿನ ಚಕ್ರ ಕಳೆದುಕೊಂಡ ಭಾರ ಆ ಒಂದು ಬದಲಾವಣೆಯಿಂದಲೇ ಮರಳಿ ಬರುತ್ತದೆ. ಬ್ರೇಕನ್ನು ತಿರುವಿನ ಮೊದಲೇ ಮುಗಿಸಿಕೊಳ್ಳಿ.